ಕತ್ತಿಯೋ ಕಿರಣವೋ

‘ನಾಲಗೆ ಒಳ್ಳೆಯದಾದರೆ ನಾಡೆಲ್ಲ ಒಳ್ಳೆಯದು’ ಎಂಬ ಗಾದೆಯನ್ನು ನಾವು ಮಾತಿನ ಶುದ್ಧಿಗಾಗಿ ಹೇಳುತ್ತೇವೆ. ನಾಲಗೆಗೇ ರೋಗ ತಗುಲಿದಾಗ ಈ ಗಾದೆಗೆ ಬೇರೆಯೇ ಅರ್ಥ ಬರುವುದೆಂದು ನಮ್ಮ ಮನೆಯಲ್ಲಿಯೇ ಕಂಡೆನು.

ನನ್ನ ಸೋದರಮಾವನವರು ಸಂತೆಯಲ್ಲಿ ಕೂಗಿ ತರಕಾರಿ ಮಾರುವವರು. ಎಲೆಯಡಿಕೆ ಹೊಗೆಸೊಪ್ಪು ಅವರ ಬಾಯಿ ಬಿಟ್ಟುದಿಲ್ಲ. ನಾಲಗೆಯ ಅಂಚಿನ ಹುಣ್ಣೊಂದು ಮಾಯದಿರಲು, ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷಿಸಿ ಕ್ಯಾನ್ಸರ್ ಎಂದರು; ಆಪರೇಷನ್ ಆಗಬೇಕೆಂದರು. ಮನೆಯ ಹಿರಿಯರೆಲ್ಲ, “ಕತ್ತಿ ತಾಗಿದರೆ ರೋಗ ಹರಡುತ್ತೆ, ಕರೆಂಟು ಇಡಿಸೋಣ” ಎಂದರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. “ನೀನು ಓದಿದವನು, ಕೇಳಿಕೊಂಡು ಬಾ” ಎಂದು ನನ್ನನ್ನು ಜೊತೆಗೆ ಕಳುಹಿಸಿದರು. ಚರಿತ್ರೆ, ಅರ್ಥಶಾಸ್ತ್ರ ಓದಿದವನಿಗೆ ಇದೆಂತಹ ಪರೀಕ್ಷೆ!

ವೈದ್ಯರು ತಾಳ್ಮೆಯಿಂದ ತಿಳಿಸಿದರು. ಕತ್ತಿಯಿಂದ ರೋಗ ಹರಡುವುದೆಂಬುದು ಬರಿಯ ಭಯ. ಕತ್ತಿ ಹೆಚ್ಚೋ ಕಿರಣ ಹೆಚ್ಚೋ ಎಂಬ ಪ್ರಶ್ನೆಯೂ ಸರಿಯಲ್ಲ. ರೋಗ ಎಲ್ಲಿದೆ, ಎಷ್ಟು ಬೆಳೆದಿದೆ ಎಂಬುದೇ ಪ್ರಶ್ನೆ. ನಾಲಗೆಯ ಮುಂಭಾಗದ ಸಣ್ಣ ಗಡ್ಡೆಗೆ ಶಸ್ತ್ರಚಿಕಿತ್ಸೆಯೇ ಮೊದಲು. ಸುತ್ತಲಿನ ಒಂದಿಷ್ಟು ಒಳ್ಳೆಯ ಮಾಂಸದೊಡನೆ ಅದನ್ನು ತೆಗೆದು ಪರೀಕ್ಷಿಸಿದರೆ, ಕಿರಣಗಳ ನೆರವು ಬೇಕೇ ಬೇಡವೇ ಎಂಬುದು ಗೊತ್ತಾಗುತ್ತದೆ. ನಾಲಗೆಯ ಬುಡದಲ್ಲಿ ಕತ್ತಿ ಆಡಿಸಿದರೆ ನುಂಗುವುದೇ ಕಷ್ಟವಾಗಬಹುದು. ಅಲ್ಲಿ ಅನೇಕ ವೇಳೆ ಕಿರಣವೇ ಮೊದಲು.

ಕಿರಣವೆಂದರೆ ನೋವಿಲ್ಲದ ಉಪಾಯವೆಂದು ನಾವು ತಿಳಿದಿದ್ದೆವು. ವಾರಕ್ಕೆ 5 ದಿನದಂತೆ 6-7 ವಾರ ಹೋಗಬೇಕು. ಬಾಯಿ ಹುಣ್ಣಾಗುತ್ತದೆ, ರುಚಿ ಕೆಡುತ್ತದೆ, ಜೊಲ್ಲು ಬತ್ತುತ್ತದೆ. ದವಡೆಯ ಮೂಳೆಗೂ ಅಪಾಯವುಂಟು.

ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕೆಂದಾಗ ನಾನು ಕಾರಣ ಕೇಳಿದೆನು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 2015ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವೈದ್ಯರು ಹೇಳಿದರು. ಬಾಯಿಯ ಕ್ಯಾನ್ಸರಿನ ಆರಂಭದಲ್ಲೇ ಗ್ರಂಥಿಗಳನ್ನೂ ಒಟ್ಟಿಗೆ ತೆಗೆದಾಗ 3 ವರ್ಷಗಳ ಬಳಿಕ ಶೇಕಡಾ 80 ಮಂದಿ ಬದುಕಿದ್ದರು; ಗ್ರಂಥಿಗಳಲ್ಲಿ ರೋಗ ಕಾಣಿಸಿದ ಮೇಲೆ ತೆಗೆಯೋಣವೆಂದು ಕಾದವರಲ್ಲಿ ಶೇಕಡಾ 67.5.

ಹೊರಗೆ ಬಂದು ಮಾವನವರಿಗೆ ಎರಡು ದಾರಿಗಳನ್ನೂ ಬಿಡಿಸಿ ಹೇಳಿದೆನು. “ಅಳಿಯಾ, ನಾಲಗೆ ಹೋದರೆ ಸಂತೆ ಹೋದಂಗೆ” ಎಂದರು. ಬಹಳ ಹೊತ್ತು ಸುಮ್ಮನಿದ್ದು, “ಜೀವ ಇದ್ದರೆ ತಕ್ಕಡಿ ಹಿಡಿದೇನು” ಎಂದರು. ಒಪ್ಪಿಗೆಯ ಕಾಗದಕ್ಕೆ ಅವರು ಹೆಬ್ಬೆಟ್ಟು ಒತ್ತಿದರು. ಸಾಕ್ಷಿಯಾಗಿ ನಾನು ರುಜು ಹಾಕಿದೆನು. ಪರೀಕ್ಷೆಯ ಹಾಲಿನಲ್ಲಿಯೂ ನನ್ನ ಕೈ ಅಷ್ಟು ನಡುಗಿರಲಿಲ್ಲ.

ಅಕ್ಷರಗಳ ಉತ್ಪತ್ತಿಸ್ಥಾನಗಳನ್ನು ನಾವೆಲ್ಲರೂ ಕನ್ನಡ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೇವೆ. ನನಗೆ ಅದರ ಅರ್ಥವಾದುದು ಈಗ. ತುಟಿಯ ಅಕ್ಷರಗಳಾದ ಪ, ಬ, ಮ ಮಾವನವರಿಗೆ ನೆಟ್ಟಗೆ ಬರುತ್ತವೆ. ಟ, ಡ, ಳ ತೊದಲುತ್ತವೆ. ‘ಈರುಳ್ಳಿ’ ಎಂದು ಎರಡು ಸಲ ಹೇಳಬೇಕು. ಆದರೂ ಗಿರಾಕಿಗಳು ನಿಂತು ಕೇಳುತ್ತಾರೆ.

ಮಿತ್ರರೇ, ನಮ್ಮಲ್ಲಿ ಅನೇಕರ ಮನೆಗಳಲ್ಲಿ ಓದಿದವರು ನಾವೇ ಮೊದಲಿಗರು. ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯುವ ಹೊಣೆಯೂ ನಮ್ಮದೇ.