ಹಿಪ್ಪುನೇರಳೆಗೆ ಬೆಲೆ ಕಟ್ಟಿದವರು ಯಾರು?

ಹೈಸ್ಕೂಲಿನ ಸಮಾಜಶಾಸ್ತ್ರದ ಪುಸ್ತಕದಲ್ಲಿ ವಾಣಿಜ್ಯ ಬೆಳೆಗಳ ಪಾಠ ಬಂದಾಗ ಮಕ್ಕಳು ನೀಲಿ, ಅಫೀಮು, ಸೆಣಬು ಎಂದು ಬಾಯಿಪಾಠ ಮಾಡುತ್ತಾರೆ. ನೀಲಿ ಎಂದರೆ ಚಂಪಾರಣ್ಯ, ಚಂಪಾರಣ್ಯ ಎಂದರೆ 1917, 1917 ಎಂದರೆ ಗಾಂಧೀಜಿ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಹುಡುಗನಿಗೆ ಆ ಬಿಹಾರ ಬಹಳ ದೂರ. ತನ್ನ ಊರಿನ ಕೆಂಪು ಮಣ್ಣಿನ ಹೊಲದಲ್ಲಿ ಸಾಲು ಸಾಲಾಗಿ ನಿಂತ ಹಿಪ್ಪುನೇರಳೆಯೂ ಅದೇ ಪಾಠಕ್ಕೆ ಸೇರಿದ್ದು ಎಂದು ಅವನಿಗೆ ಯಾರೂ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಕೇಳುವುದಿಲ್ಲವಲ್ಲ!

ಮೈಸೂರು ಸೀಮೆಗೆ ರೇಷ್ಮೆಯನ್ನು ಬ್ರಿಟಿಷರು ತಂದದ್ದಲ್ಲ. ಬಂಗಾಳದಿಂದ ಹುಳು ತರಿಸಿ ಸಾಕಣೆಗೆ ಏರ್ಪಾಡು ಮಾಡಿದವನು ಟಿಪ್ಪು ಸುಲ್ತಾನ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಊರೂರು ಸುತ್ತಲು ಕಳಿಸಿತು. ಯಾವ ಮಣ್ಣಿನಲ್ಲಿ ಏನು ಬೆಳೆಯುತ್ತದೆ, ಉಳುವವನಿಗೆ ಎಷ್ಟು ಉಳಿಯುತ್ತದೆ, ಸಂತೆಯಲ್ಲಿ ಏನು ಮಾರುತ್ತದೆ ಎಂದು ಆತ ಕೇಳಿ ಕೇಳಿ ಬರೆದುಕೊಂಡ. ಇವತ್ತಿಗೂ ಆ ಪುಸ್ತಕ ಓದಲು ಸೊಗಸು. ಆದರೆ ಗೆದ್ದವನು ಗೆದ್ದ ಮನೆಯ ಪಾತ್ರೆ ಪಗಡ ಎಣಿಸುವಾಗಲೂ ಇಷ್ಟೇ ಅಚ್ಚುಕಟ್ಟಾಗಿ ಎಣಿಸುತ್ತಾನೆ ಎಂಬುದನ್ನು ಓದುವವರು ಮರೆಯಬಾರದು.

ಎಣಿಕೆಗೆ ಕಾರಣವೂ ಇತ್ತು. ಸಿಂಹಾಸನ ಮರಳಿ ಪಡೆದ ಮೈಸೂರು ಅರಸರು ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ ಪೊಗದಿಯನ್ನು ಕಂಪನಿಗೆ ಕಟ್ಟಬೇಕಾಗಿತ್ತು. 1896ರಿಂದ ಅದು 35 ಲಕ್ಷಕ್ಕೆ ಏರಿತು. 1928ರಲ್ಲಿ ಮತ್ತೆ ಹಳೆಯ ಮಟ್ಟಕ್ಕೆ ಇಳಿಯಿತು. ಈ ರೊಕ್ಕ ಅರಮನೆಯ ಹಿತ್ತಲಲ್ಲಿ ಬೆಳೆಯುವಂಥದ್ದಲ್ಲ. ಹಿಂದೆ ಎಷ್ಟೋ ಕಡೆ ವಾರದ ಪದ್ಧತಿ ಇತ್ತು. ಕಣದಲ್ಲಿ ರಾಶಿ ಅಳೆದು ಸರ್ಕಾರದ ಪಾಲನ್ನು ಕಾಳಿನಲ್ಲೇ ಕೊಡುತ್ತಿದ್ದರು. ಮಳೆ ಕೈಕೊಟ್ಟರೆ ಸರ್ಕಾರದ ಪಾಲೂ ಸೊರಗುತ್ತಿತ್ತು. 1831ರಿಂದ 1881ರವರೆಗೆ ಕಮಿಷನರುಗಳು ಆಳಿದ ಕಾಲದಲ್ಲಿ, ಅದರಲ್ಲೂ 1863ರ ಬಳಿಕ ಭೂಮಾಪನ ಶುರುವಾದ ಮೇಲೆ, ಹೊಲಕ್ಕಿಷ್ಟು ಎಂದು ರೊಕ್ಕದ ಕಂದಾಯ ಗೊತ್ತಾಯಿತು. ಕಂದಾಯಕ್ಕೆ ಗೊತ್ತಾದ ದಿನವಿದೆ; ಮಳೆಗೆ ಅಂಥ ದಿನವಿಲ್ಲ. ರಾಗಿಯನ್ನು ಹಗೇವಿನಲ್ಲಿ ಹಾಕಿದರೆ ವರ್ಷಗಟ್ಟಲೆ ಕೆಡುವುದಿಲ್ಲ, ಆದರೆ ಶಾನುಭೋಗರ ಮುಂದೆ ಇಡಲು ಬರುವುದಿಲ್ಲ.

ಇಲ್ಲಿಯೇ ಹಿಪ್ಪುನೇರಳೆ ಒಕ್ಕಲ ಮನೆಯ ನಂಟನಾದದ್ದು. ಮೈಸೂರು ತಳಿಯ ಹುಳು ವರ್ಷಕ್ಕೆ ಹಲವು ಸಲ ಬೆಳೆ ಕೊಡುತ್ತದೆ. ಮೊಟ್ಟೆಯೊಡೆದ ಹುಳು ನಾಲ್ಕು ಜ್ವರ ಕಳೆದು, ಹಣ್ಣಾಗಿ ಚಂದ್ರಿಕೆ ಹತ್ತಿ ಗೂಡು ಕಟ್ಟಲು ಸುಮಾರು ಒಂದು ತಿಂಗಳು. ಕೊನೆಯ ಜ್ವರ ಕಳೆದ ಮೇಲಿನ ವಾರದಲ್ಲಿ ಅದರ ಹಸಿವು ನೋಡಬೇಕು: ರಾತ್ರಿಯ ಮೌನದಲ್ಲಿ ಹುಳುಮನೆಯಿಂದ ಸೋನೆಮಳೆಯಂಥ ಸದ್ದು. ಮನೆಯ ಹೆಂಗಸರಿಗೆ ಆ ವಾರ ನಿದ್ದೆ ಇಲ್ಲ. ಸೊಪ್ಪು ಕೊಯ್ಯುವುದು, ತಟ್ಟೆ ಬದಲಿಸುವುದು, ಹಿಕ್ಕೆ ತೆಗೆಯುವುದು ಬಹುಪಾಲು ಅವರ ಕೆಲಸ. ಗೂಡಿನ ದುಡ್ಡು ಎಣಿಸುವುದು ಗಂಡಸರದು. ಸರ್ಕಾರದ ಯಾವ ವರದಿಯೂ ಈ ಲೆಕ್ಕವನ್ನು ಸರಿಯಾಗಿ ಹಾಕಿದಂತಿಲ್ಲ. ಹೇಗೇ ಇರಲಿ, ರಾಗಿ ಕೊಯ್ಲಿಗೆ ಕಾಯದೆ ನಡುವೆ ಕೈಗೆ ಕಾಸು ಬಂತು. ಮುಂದೆ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಫೀಜು, ಹಾಸ್ಟೆಲಿನ ಖರ್ಚು, ಮಗಳ ಮದುವೆ ಎಲ್ಲಕ್ಕೂ ಈ ಗೂಡೇ ಆಧಾರವಾಯಿತು.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಮೈಸೂರು ಚಂಪಾರಣ್ಯವಲ್ಲ. ಅಲ್ಲಿ ಇಪ್ಪತ್ತು ಕಠಾ ಭೂಮಿಯಲ್ಲಿ ಮೂರು ಕಠಾಕ್ಕೆ ನೀಲಿ ಹಾಕಲೇಬೇಕೆಂಬ ಕಟ್ಟುಪಾಡು ಇತ್ತು, ತೋಟದ ದೊರೆಯ ಆಳುಗಳು ಬಾಗಿಲಿಗೆ ಬರುತ್ತಿದ್ದರು. ಇಲ್ಲಿ ಹಿಪ್ಪುನೇರಳೆ ನೆಡೆಂದು ಯಾರೂ ಚಾವಟಿ ಹಿಡಿದು ಬರಲಿಲ್ಲ. ನೂಲು ಕೂಡ ಬಹಳಮಟ್ಟಿಗೆ ಈ ನಾಡಿನ ಮಗ್ಗಗಳಿಗೇ ಹೋಗುತ್ತಿತ್ತು. ಹಾಗಾದರೆ ತೊಂದರೆ ಏನು? ಬೆಳೆ ತನ್ನದು, ಬೆವರು ತನ್ನದು, ಬೆಲೆ ಮಾತ್ರ ತನ್ನದಲ್ಲ, ಅಷ್ಟೇ.

ಮೊದಲ ಪೆಟ್ಟು ರೋಗದಿಂದ ಬಿತ್ತು. 1860ರ ದಶಕದಲ್ಲಿ ಹುಳುಗಳು ರಾಶಿ ರಾಶಿಯಾಗಿ ಸತ್ತವು. ಗಂಟುರೋಗ ಆಗ ಯೂರೋಪಿನ ರೇಷ್ಮೆಯನ್ನೂ ನುಂಗುತ್ತಿತ್ತು. 1865ರಲ್ಲಿ ಫ್ರಾನ್ಸಿನಲ್ಲಿ ಲೂಯಿ ಪ್ಯಾಶ್ಚರ್ ಇದರ ಮೇಲೆ ಕೆಲಸ ಆರಂಭಿಸಿ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿಲ್ಲದ ಮೊಟ್ಟೆಯನ್ನಷ್ಟೇ ಉಳಿಸುವ ಉಪಾಯ ಕಂಡುಹಿಡಿದ. ವಿಜ್ಞಾನದ ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ: ಇಂದೂ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಮೂಲತಃ ಅದೇ ಪರೀಕ್ಷೆ.

ಆಮೇಲೆ 1876–78ರ ಬರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೂ ಕೆಳಗಿಳಿಯಿತು. ಕಾಸಿನ ಬೆಳೆಯ ಬಡತನ ಬರದಲ್ಲಿ ಬಯಲಾಗುತ್ತದೆ. ರಾಗಿ ತುಟ್ಟಿಯಾದಾಗ ಸೀರೆ ಕೊಳ್ಳುವವರು ಯಾರು? ಮಾರುವ ಗೂಡಿಗೆ ಗಿರಾಕಿ ಇಲ್ಲ, ಕೊಳ್ಳುವ ಕಾಳಿಗೆ ಬೆಲೆ ಎರಡರಷ್ಟು, ಮೂರರಷ್ಟು. ಗೂಡನ್ನು ಬೇಯಿಸಿದರೆ ನೂಲು ಬರುತ್ತದೆಯೇ ಹೊರತು ಮುದ್ದೆ ಆಗುವುದಿಲ್ಲ.

ಸಂಸ್ಥಾನ ಸುಮ್ಮನೆ ಕೂರಲಿಲ್ಲ ಎನ್ನಬೇಕು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿಗೆ ಸ್ವಿಟ್ಜರ್ಲೆಂಡಿನ ಮಗ್ಗಗಳು ಬಂದವು. ರೇಷ್ಮೆಗೆಂದೇ ಇಲಾಖೆ ಹುಟ್ಟಿತು, ಇಟಲಿಯ ತಜ್ಞರನ್ನು ಕರೆಸಿದರು. ಆದರೆ ಬಂದರಿನ ಸುಂಕ ಮೈಸೂರು ಅರಸರ ಕೈಲಿರಲಿಲ್ಲ, ಅದು ಬ್ರಿಟಿಷ್ ಇಂಡಿಯಾದ್ದು. 1929ರ ನಂತರದ ಜಾಗತಿಕ ಮುಗ್ಗಟ್ಟಿನಲ್ಲಿ ಚೀನಾ, ಜಪಾನುಗಳ ಅಗ್ಗದ ರೇಷ್ಮೆಯೂ ಕೃತಕ ರೇಷ್ಮೆಯೂ ಒಟ್ಟಿಗೆ ನುಗ್ಗಿದವು. ಟ್ಯಾರಿಫ್ ಬೋರ್ಡು 1933ರಲ್ಲಿ ವಿಚಾರಣೆಗೆ ಕೂತು, 1934ರಲ್ಲಿ ರಕ್ಷಣಾ ಸುಂಕ ಬರುವ ಹೊತ್ತಿಗೆ ಎಷ್ಟೋ ಹೊಲಗಳಲ್ಲಿ ಗಿಡ ಎದ್ದುಹೋಗಿತ್ತು. ಎರಡನೇ ಮಹಾಯುದ್ಧ ಬಂದು ಜಪಾನಿನ ನೂಲು ನಿಂತು, ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ಅದೇ ಹೊಲಗಳಿಗೆ ಮತ್ತೆ ಗೌರವ! ಎಲ್ಲೋ ಬಾಂಬು ಬಿದ್ದರೆ ಇಲ್ಲಿ ಗೂಡಿಗೆ ಬೆಲೆ.

ತ್ರಿವೇಣಿ ಸಂಗಮದ ತಿ. ನರಸೀಪುರವನ್ನು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುತ್ತಾರೆ. ಅಲ್ಲಿನ ಸರ್ಕಾರಿ ನೂಲು ತೆಗೆಯುವ ಕಾರ್ಖಾನೆಯಲ್ಲಿ ಗುಲಗಂಜಿಗಿಂತ ಹಗುರವಾದ ಎಳೆಗಳು ಬಿಸಿನೀರಿನ ತೊಟ್ಟಿಯಿಂದ ಎದ್ದು, ಹಲವು ಕೂಡಿ ಒಂದು ನೂಲಾಗಿ ಮೈಸೂರಿನ ಮಗ್ಗಕ್ಕೆ ಹೋಗುತ್ತವೆ. ಸುತ್ತಲಿನ ಹೊಲಗಳು ಬದಲಾದವು. 1970ರ ದಶಕದಲ್ಲಿ ಕಬಿನಿ ಅಣೆಕಟ್ಟು ಮುಗಿದು ನಾಲೆ ನೀರು ಹರಿದ ಕಡೆ ಭತ್ತ, ಕಬ್ಬು ಬಂದವು. ಕಬ್ಬಿಗೆ ಕನಿಷ್ಠ ಬೆಲೆ ಗೊತ್ತುಮಾಡುವುದು ದೆಹಲಿಯಲ್ಲಿ.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿಯಿತು. ಗೂಡಿನ ದರ ಕುಸಿದು ಬೆಳೆಗಾರರು ಬೀದಿಗಿಳಿದರು. ರಾಗಿಯಾದರೆ ಈ ವರ್ಷ ಬೇಡವೆಂದು ಮುಂದಿನ ವರ್ಷ ಬಿತ್ತಬಹುದು. ಹಿಪ್ಪುನೇರಳೆ ಹಾಗಲ್ಲ, ನೆಟ್ಟರೆ ಹತ್ತು ಹದಿನೈದು ವರ್ಷ ನಿಲ್ಲುವ ಗಿಡ. ಮಗನ ಕಾಲೇಜಿನ ಕಂತು ಎದುರಿಗಿರುವಾಗ ಅದನ್ನು ಕೀಳಬೇಕೋ, ಇನ್ನೊಂದು ಬೆಳೆ ನೋಡಬೇಕೋ ಎಂದು ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ರಾತ್ರಿಯೆಲ್ಲ ಮಾತಾಡಿದರು. ಕೆಲವರು ಕಿತ್ತರು. ವರ್ಷಗಳು ಕಳೆದು ಗೂಡಿನ ಬೆಲೆ ಮತ್ತೆ ಏರಿದಾಗ ಅವರಲ್ಲೇ ಕೆಲವರು ಹೊಸ ಕಡ್ಡಿ ನೆಟ್ಟು, ಸೊಪ್ಪು ಕೈಗೆ ಬರಲು ತಿಂಗಳುಗಟ್ಟಲೆ ಕಾದರು.