ಕುಲುಮೆಯ ಮಗ್ಗುಲಿನ ಕಡಲು

ಹಾಲೆಂಡಿಗೆ ಹೋಗಿಬಂದವರು ಸಾಮಾನ್ಯವಾಗಿ ಹೇಳುವುದು ಟ್ಯೂಲಿಪ್ ಹೂವಿನ ಮಡಿಗಳ ಸುದ್ದಿ, ಗಾಳಿಗಿರಣಿಗಳ ಸುದ್ದಿ, ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳ ಸುದ್ದಿ. ಅವನ್ನು ನಾವೂ ನೋಡಿದೆವು, ಚೆನ್ನಾಗಿಯೇ ಇವೆ. ಆದರೆ ಅವುಗಳ ವಿಷಯವಾಗಿ ಬೇಕಾದಷ್ಟು ಜನ ಬರೆದಾಗಿದೆ. ಆದ್ದರಿಂದ ವಾಚಕರನ್ನು ಬೇರೊಂದು ಕಡೆಗೆ ಕರೆದುಕೊಂಡು ಹೋಗುತ್ತೇವೆ. ಊರಿನ ಹೆಸರು ವೈಕ್ ಆನ್ ಜೇ. ‘ಕಡಲ ಬದಿಯ ಕೇರಿ’ ಎಂದು ಆ ಹೆಸರಿಗೆ ನಮ್ಮ ಮಾತಿನಲ್ಲಿ ಅರ್ಥ ಹೇಳಿಕೊಳ್ಳಬಹುದು. ಎರಡು ಸಾವಿರ ಚಿಲ್ಲರೆ ಜನರ ಹಳ್ಳಿ. ನಡುವೆ ಹುಲ್ಲುಬಯಲು, ಹಳೆಯದೊಂದು ಇಗರ್ಜಿ, ಸುತ್ತ ಮರಳಿನ ದಿಬ್ಬಗಳು, ದಿಬ್ಬ ದಾಟಿದರೆ ಉತ್ತರ ಸಮುದ್ರ.

ಇಷ್ಟೇ ಆಗಿದ್ದರೆ ಐರೋಪ್ಯ ಕರಾವಳಿಯ ನೂರಾರು ಹಳ್ಳಿಗಳಲ್ಲಿ ಇದೂ ಒಂದು ಎಂದು ಸುಮ್ಮನಾಗಬಹುದಿತ್ತು. ಆಮ್‌ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಬೇವರ್‌ವೈಕಿಗೆ ಹೋಗಿ, ಅಲ್ಲಿ ಬಸ್ಸು ಹಿಡಿದು ಪಶ್ಚಿಮಕ್ಕೆ ಹೊರಟರೆ, ಎಡಗಡೆಯ ಕಿಟಕಿಯಲ್ಲಿ ಏಕಾಏಕಿ ಒಂದು ಕಬ್ಬಿಣದ ನಗರವೇ ಎದ್ದು ನಿಲ್ಲುತ್ತದೆ. ಕೊಳವೆಗಳು, ಗೋಪುರಗಳು, ಅದುರಿನ ಗುಡ್ಡಗಳು, ಬಿಳಿಯ ಹಬೆ, ಕಂದು ಹೊಗೆ. 1918ರಲ್ಲಿ ‘ಹೋಖ್‌ಓವನ್ಸ್’ ಎಂಬ ಹೆಸರಿನಲ್ಲಿ ಸ್ಥಾಪನೆಯಾದ ಉಕ್ಕಿನ ಕಾರ್ಖಾನೆ ಇದು. ಊದುಕುಲುಮೆ ಎಂದೇ ಆ ಪದದ ಅರ್ಥ. ಮೊದಲನೆಯ ಕುಲುಮೆಗೆ ಬೆಂಕಿ ಬಿದ್ದದ್ದು 1924ರಲ್ಲಿ. ನಮ್ಮ ಭದ್ರಾವತಿಯ ಕಾರ್ಖಾನೆ ಅದಕ್ಕೂ ಒಂದು ವರ್ಷ ಮುಂಚೆ, 1923ರಲ್ಲಿ, ಕಬ್ಬಿಣ ಕರಗಿಸಿತ್ತು ಎಂಬುದನ್ನು ನಾವು ಬಸ್ಸಿನಲ್ಲೇ ನೆನೆದು ಸ್ವಲ್ಪ ಬೀಗಿದೆವು. ಬೀಗುವುದಕ್ಕೆ ಇನ್ನೊಂದು ಕಾರಣವೂ ಒದಗಿತು: ಹೋಖ್‌ಓವನ್ಸ್ 1999ರಲ್ಲಿ ಬ್ರಿಟಿಷ್ ಸ್ಟೀಲಿನೊಡನೆ ಸೇರಿ ‘ಕೋರಸ್’ ಆಯಿತು, ಆ ಕೋರಸ್ಸನ್ನು 2007ರಲ್ಲಿ ನಮ್ಮ ಟಾಟಾ ಸ್ಟೀಲ್ ಕೊಂಡುಕೊಂಡಿತು. ಜಮ್‌ಷೆಡ್‌ಪುರದ ಹೆಸರನ್ನು ಸಾವಿರಾರು ಮೈಲಿ ದೂರದ ಮರಳುದಿಬ್ಬಗಳ ನಡುವೆ ಫಲಕದ ಮೇಲೆ ಓದುವಾಗ ಆಗುವ ಸಂತೋಷವೇ ಬೇರೆ. ವರ್ಷಕ್ಕೆ ಸುಮಾರು 70 ಲಕ್ಷ ಟನ್ ಉಕ್ಕು ಮಾಡುವ ಶಕ್ತಿ ಈ ಕಾರ್ಖಾನೆಗೆ ಇದೆಯಂತೆ. ಆ ಸಂತೋಷದ ಇನ್ನೊಂದು ಮುಖವನ್ನು ಆಮೇಲೆ ಹೇಳುತ್ತೇವೆ.

ಕಾರ್ಖಾನೆಯ ದಕ್ಷಿಣಕ್ಕೆ ಬಂದರು. ಆಮ್‌ಸ್ಟರ್‌ಡ್ಯಾಮು ಸಮುದ್ರದ ಅಂಚಿನ ಊರಲ್ಲ. ದೊಡ್ಡ ಹಡಗುಗಳು ಅಲ್ಲಿಗೆ ನೇರವಾಗಿ ಬರಲೆಂದು ಮರಳುದಿಬ್ಬಗಳನ್ನು ಸೀಳಿ ಅಗೆದ ಕಾಲುವೆ 1876ರಲ್ಲಿ ತೆರೆಯಿತು. ಆ ಕಾಲುವೆಯ ಬಾಯಿಯಲ್ಲಿ ಹುಟ್ಟಿದ ಊರೇ ಐಮಾಯ್ಡನ್. ಕಾಲುವೆಯ ನೀರಿನ ಮಟ್ಟವನ್ನೂ ಕಡಲಿನ ಮಟ್ಟವನ್ನೂ ಬೇರೆಯಾಗಿ ಇಡುವುದಕ್ಕೆ ಇಲ್ಲಿ ಭಾರಿ ಬಾಗಿಲುಗಳ ಲಾಕ್‌ಗಳಿವೆ. 2022ರಲ್ಲಿ ತೆರೆದ ಹೊಸ ಲಾಕ್ 500 ಮೀಟರ್ ಉದ್ದ, 70 ಮೀಟರ್ ಅಗಲ, 18 ಮೀಟರ್ ಆಳ. ಕಡಲ ಹಡಗುಗಳ ಲಾಕ್‌ಗಳಲ್ಲಿ ಇದಕ್ಕಿಂತ ದೊಡ್ಡದು ಜಗತ್ತಿನಲ್ಲಿ ಇಲ್ಲವೆಂದು ಅಲ್ಲಿಯವರು ಹೆಮ್ಮೆಪಡುತ್ತಾರೆ. ಬಂದರಿನ ಎರಡು ಪಕ್ಕಗಳಲ್ಲೂ ಎರಡು ಕಲ್ಲುಗೋಡೆಗಳು ಕಡಲೊಳಕ್ಕೆ ಕೈಚಾಚಿದಂತೆ ಹೋಗಿವೆ. ಅದುರು ತರುವ ಹಡಗುಗಳು ದೊಡ್ಡದಾಗುತ್ತ ಬಂದಂತೆ, 1960ರ ದಶಕದಲ್ಲಿ ಈ ಗೋಡೆಗಳನ್ನು ಇನ್ನಷ್ಟು ಉದ್ದ ಮಾಡಿದರು.

ಉತ್ತರದ ಗೋಡೆಯ ಮೂಲೆಯೇ ನಮ್ಮ ಕಥೆಯ ಸ್ಥಳ. ಗೋಡೆ ಕಟ್ಟಿದವರು ಯೋಚಿಸಿದ್ದು ಹಡಗಿನ ವಿಷಯ. ಆದರೆ ತೀರದ ಗುಂಟ ಹರಿಯುವ ಮರಳಿಗೆ ಗೋಡೆ ಅಡ್ಡವಾದ್ದರಿಂದ ಅದು ಅಲ್ಲಿ ಬಂದು ಕೂತಿತು, ದಡ ಅಗಲವಾಯಿತು, ನೀರಿನ ಕೆಳಗೆ ಮರಳಿನ ದಿಂಡುಗಳು ಬೆಳೆದವು. ಅಲೆ ಎನ್ನುವುದು ಆಳವಾದ ನೀರಿನಲ್ಲಿ ಸುಮ್ಮನೆ ಉಬ್ಬಿ ಸಾಗುತ್ತದೆ. ಆಳ ಕಡಿಮೆಯಾದಲ್ಲಿ ಅದರ ಬುಡ ತಡವರಿಸಿ, ತಲೆ ಮುಂದಕ್ಕೆ ವಾಲಿ, ಮುರಿಯುತ್ತದೆ. ಮರಳಿನ ದಿಂಡು ಇದ್ದಲ್ಲಿ ಮುರಿತ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಕ್ರಮವಾಗಿ ಸಾಗುತ್ತದೆ. ಹಲಗೆಯ ಮೇಲೆ ನಿಂತು ಅಲೆಯ ಸವಾರಿ ಮಾಡುವವರಿಗೆ ಬೇಕಾದದ್ದು ಇದೇ.

ಇನ್ನೊಂದು ಉಪಕಾರವೂ ಗೋಡೆಯಿಂದಾಗಿದೆ. ಇಲ್ಲಿ ಹೆಚ್ಚು ಬೀಸುವುದು ನೈಋತ್ಯದ ಗಾಳಿ. ತೆರೆದ ದಡದಲ್ಲಿ ಅದು ಅಲೆಗಳನ್ನೆಲ್ಲ ಕಲಸಿ ಅಂಬಲಿ ಮಾಡಿಬಿಡುತ್ತದೆ. ಗೋಡೆಯ ಮರೆಯಲ್ಲಿ ಮಾತ್ರ ನೀರಿನ ಮೈ ಸ್ವಲ್ಪ ನಯವಾಗಿ ಉಳಿಯುತ್ತದೆ. ಉತ್ತರ ಸಮುದ್ರದ ಈ ಭಾಗ ಆಳವಿಲ್ಲದ್ದು. ಅಲೆಗಳು ಅಲ್ಲೇ ಬೀಸಿದ ಗಾಳಿಯ ಮಕ್ಕಳು. ಆರೇಳು ಸೆಕೆಂಡಿಗೆ ಒಂದರಂತೆ ಅವಸರವಾಗಿ ಬರುತ್ತವೆ. ನಮ್ಮ ಪಡುವಣ ಕಡಲಿಗೆ ದಕ್ಷಿಣ ಮಹಾಸಾಗರದಿಂದ ದಿನಗಟ್ಟಲೆ ಪ್ರಯಾಣ ಮಾಡಿ ಬರುವ ತೆರೆಗಳ ಗಾಂಭೀರ್ಯ ಇವಕ್ಕಿಲ್ಲ. ವಾಯವ್ಯದ ಬಿರುಗಾಳಿ ಒಂದೆರಡು ದಿನ ಬೀಸಿ ನಿಂತ ಮೇಲೆ ಮಾತ್ರ ಒಳ್ಳೆಯ ಅಲೆ. ಆ ದಿನ ಆಫೀಸಿಗೆ ಎಷ್ಟು ಜನ ಹೊಟ್ಟೆನೋವಿನ ನೆಪ ಹೇಳುತ್ತಾರೋ ದೇವರೇ ಬಲ್ಲ.

ನಾವು ಅಲ್ಲಿಗೆ ಹೋದದ್ದು 2024ರ ನವೆಂಬರಿನಲ್ಲಿ, ಅಕ್ಕನ ಮಗನ ಜೊತೆಗೆ. ಅವನು ಹುಟ್ಟಿ ಬೆಳೆದದ್ದು ಸುರತ್ಕಲ್ಲಿನಲ್ಲಿ. ಮುಲ್ಕಿಯ ಆಶ್ರಮವೊಂದರ ಸಾಧುಗಳು ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಹುಡುಗರಿಗೆ ಅಲೆಯ ಸವಾರಿ ಕಲಿಸತೊಡಗಿದ್ದು ಅನೇಕರಿಗೆ ಗೊತ್ತಿರಬಹುದು. ಇವನೂ ಆ ಕಡಲಿನಲ್ಲೇ ಹಲಗೆ ಹತ್ತಿದವನು. ಈಗ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೆಲಸ. ಬಿಡುವು ಸಿಕ್ಕಿದರೆ ಈ ಗೋಡೆಯ ಮೂಲೆ. ನಾವು ಹೊರಡುವ ಮುಂಚೆ ಅಕ್ಕ ದೂರವಾಣಿಯಲ್ಲಿ ಹೇಳಿದ್ದಳು: “ಊರು ನೋಡುವುದು ಹಾಗಿರಲಿ. ಆ ಹುಡುಗ ಎಂಥ ನೀರಿಗೆ ಇಳಿಯುತ್ತಾನೆ ಎಂದು ಕಣ್ಣಾರೆ ನೋಡಿಕೊಂಡು ಬನ್ನಿ. ಸರಿ ಕಾಣದಿದ್ದರೆ ಅಲ್ಲೇ ಬೇಡ ಅಂತ ಹೇಳಿಬಿಡಿ. ನೀವು ಹೇಳಿದರೆ ಕೇಳುತ್ತಾನೆ.”

ಅವಳ ಭಯಕ್ಕೆ ಕಾರಣವಿತ್ತು. 2020ರ ಮೇ 11ರಂದು, ಇಲ್ಲಿಂದ ದಕ್ಷಿಣಕ್ಕಿರುವ ಸ್ಖೇವನಿಂಗನ್ ಎಂಬ ಊರಿನಲ್ಲಿ, ಬಂದರಿನ ಉತ್ತರದ ಗೋಡೆಯ ಪಕ್ಕದಲ್ಲೇ ಐದು ಜನ ತರುಣರು ತೀರಿಕೊಂಡರು. ನೀರಿಗೆ ಹೊಸಬರಲ್ಲ, ಕಡಲನ್ನು ಬಲ್ಲವರು. ವಸಂತದಲ್ಲಿ ಅಲ್ಲಿಯ ನೀರಿನಲ್ಲಿ ಒಂದು ಜಾತಿಯ ಪಾಚಿ ಹೇರಳವಾಗಿ ಬೆಳೆದು ಸಾಯುತ್ತದೆ. ಅದನ್ನು ಅಲೆ ಕಡೆದಾಗ ಮಜ್ಜಿಗೆಯ ಹಾಗೆ ನೊರೆ ಏಳುತ್ತದೆ. ಅಂದು ಉತ್ತರದ ಬಲವಾದ ಗಾಳಿ ಆ ನೊರೆಯನ್ನೆಲ್ಲ ಗೋಡೆಯ ಮೂಲೆಗೆ ತಳ್ಳಿ ಆಳೆತ್ತರಕ್ಕೂ ಮೀರಿ ಪೇರಿಸಿತ್ತು. ನೊರೆಯಲ್ಲಿ ಉಸಿರಾಡುವಂತಿಲ್ಲ, ಈಜುವಂತಿಲ್ಲ, ಒಬ್ಬರಿಗೊಬ್ಬರು ಕಾಣುವಂತಿಲ್ಲ. ಗಾಳಿಯಿಂದ ಕಾಪಾಡುವ ಮೂಲೆ ಗಾಳಿ ದಿಕ್ಕು ಬದಲಿಸಿದರೆ ಬಲೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಘೋರವಾದ ಉದಾಹರಣೆ ಬೇಕಿಲ್ಲ.

ನಾವು ಹೋದ ದಿನ ಆಕಾಶ ಬೂದಿ ಬಳಿದಂತಿತ್ತು. ಹಳ್ಳಿಯಿಂದ ಮರಳಿನ ಮೇಲೆ ದಕ್ಷಿಣಕ್ಕೆ ನಡೆದೆವು. ಕಿವಿಯಲ್ಲಿ ಗಾಳಿ ಓಂಕಾರ ಮಾಡುತ್ತಿತ್ತು. ಬಲಗಡೆಗೆ ಕಡಲು, ಎಡಗಡೆಗೆ ದಿಬ್ಬಗಳ ತಲೆಯ ಮೇಲಿಂದ ಇಣುಕುವ ಚಿಮಣಿಗಳು, ಎದುರಿಗೆ ಗೋಡೆ, ಗೋಡೆಯ ಆಚೆ ಅದುರಿನ ಹಡಗೊಂದರ ಮೇಲುಭಾಗ ಮಾತ್ರ, ನೆಲದ ಮೇಲೇ ತೇಲುವ ಹಾಗೆ. ಇದನ್ನು ಸುಂದರ ಎನ್ನಬೇಕೋ ಬೇಡವೋ ಎಂದು ನಮ್ಮಿಬ್ಬರಲ್ಲಿ ಸ್ವಲ್ಪ ಚರ್ಚೆಯಾಯಿತು. ಮನೆಯವರು ‘ಅಲ್ಲ’ ಎಂದರು. ಆಮೇಲೆ ಅವರೇ ಅರ್ಧ ಗಂಟೆ ಕಣ್ಣು ಕೀಳದೆ ನೋಡುತ್ತ ನಿಂತರು.

ಹುಡುಗ ಬಟ್ಟೆ ಬದಲಾಯಿಸುವುದೇ ಒಂದು ನಾಟಕ. ನೀರು 12 ಡಿಗ್ರಿಯ ಆಸುಪಾಸು. ಚಳಿಗಾಲ ಬಲಿತರೆ ಐದಾರಕ್ಕೂ ಇಳಿಯುತ್ತದೆ. ಬರಿಮೈಯಲ್ಲಿ ಇಳಿದರೆ ಬೇಗನೆ ಕೈಕಾಲು ಸೋಲುತ್ತವೆ. ಅದಕ್ಕಾಗಿ 5 ಮಿಲಿಮೀಟರ್ ದಪ್ಪದ ರಬ್ಬರಿನ ಉಡುಪು, ಕಾಲಿಗೆ ರಬ್ಬರಿನ ಚೀಲ, ತಲೆಗೆ ಕುಲಾವಿಯಂಥ ಮುಸುಕು. ಈ ಉಡುಪಿನ ಗುಟ್ಟು ನೀರನ್ನು ಹೊರಗಿಡುವುದಲ್ಲ. ರಬ್ಬರಿನೊಳಗೆ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಅನಿಲ ತುಂಬಿರುತ್ತದೆ. ಅದು ಮೈಯ ಶಾಖವನ್ನು ಹೊರಗೆ ಬಿಡುವುದಿಲ್ಲ. ಒಳಗೆ ನುಸುಳಿದ ಅಷ್ಟಿಷ್ಟು ನೀರು ಮೈಗೆ ಅಂಟಿಕೊಂಡು ಅಲ್ಲೇ ಬೆಚ್ಚಗಾಗುತ್ತದೆ. 1952ರಲ್ಲಿ ಹ್ಯೂ ಬ್ರಾಡ್ನರ್ ಎಂಬ ಅಮೆರಿಕದ ಭೌತವಿಜ್ಞಾನಿ ಕಂಡುಹಿಡಿದ ಯುಕ್ತಿ. ಇದಿಲ್ಲದಿದ್ದರೆ ಚಳಿಯ ದೇಶಗಳಲ್ಲಿ ಈ ಆಟವೇ ಇರುತ್ತಿರಲಿಲ್ಲ.

ಉಡುಪು ತೊಟ್ಟವನು ನೀರಿಗೆ ಓಡುತ್ತಾನೆಂದು ನಾವು ಕಾದೆವು. ಅವನು ಓಡಲಿಲ್ಲ. ಹಲಗೆಯನ್ನು ಮರಳಿನ ಮೇಲಿಟ್ಟು, ಕಾಲು ಗಂಟೆ ಸುಮ್ಮನೆ ನಿಂತು ನೋಡಿದ. ಏನು ನೋಡುತ್ತಿ ಎಂದು ಕೇಳಿದಾಗ ಹೇಳಿದ:

“ಗೋಡೆಯ ಬುಡದಲ್ಲಿ ನೋಡಿ ಮಾವ, ಅಲ್ಲಿ ಮಾತ್ರ ಅಲೆ ಮುರಿಯುವುದಿಲ್ಲ. ನೀರು ಅಲ್ಲಿಂದ ಹೊರಗೆ ಹೋಗ್ತದೆ.”

“ಅಂದರೆ ಸೆಳೆತ!”

“ಹೌದು, ಸೆಳೆತವೇ. ನಮಗೆ ಅದು ಬಸ್ಸು ಇದ್ದ ಹಾಗೆ. ಹತ್ತಿದರೆ ಕೈ ಬೀಸದೆ ಹೊರಗೆ ಕರಕೊಂಡು ಹೋಗ್ತದೆ. ಆದರೆ ಎಲ್ಲಿ ಇಳಿಯಬೇಕು ಅಂತ ಮೊದಲೇ ಗೊತ್ತಿರಬೇಕು. ಇಳಿಯದಿದ್ದರೆ ಕಲ್ಲಿಗೆ ಬಡೀತದೆ.”

ಮನೆಯವರು ಕೇಳಿದರು: “ಗೊತ್ತಿಲ್ಲದವನು ಸಿಕ್ಕಿಕೊಂಡರೆ?”

“ಎದುರು ಈಜಬಾರದು ಅತ್ತೆ. ಸೋತು ಹೋಗ್ತಾನೆ. ಗೋಡೆಯಿಂದ ದೂರಕ್ಕೆ, ದಡದ ಗುಂಟ, ಅಡ್ಡಕ್ಕೆ ಹೋಗಬೇಕು. ಅಲೆ ಮುರಿಯುವಲ್ಲಿಗೆ ಬಂದರೆ ಅಲೆಯೇ ದಡಕ್ಕೆ ತರ್ತದೆ.”

ನಮ್ಮ ಮುಂಬಯಿ, ಚೆನ್ನೈ ಕಡಲದಂಡೆಗಳಲ್ಲಿ ಸ್ನಾನಕ್ಕಿಳಿಯುವ ಜನ ಈ ಎರಡು ಮಾತನ್ನು ತಿಳಿದಿದ್ದರೆ ಎಷ್ಟು ಮನೆಗಳ ದೀಪ ಉಳಿಯುತ್ತಿತ್ತು!

ಆಮೇಲೆ ಅವನು ಇಳಿದ. ಗೋಡೆಯ ಪಕ್ಕದ ನೀರಿನಲ್ಲಿ ಹಲಗೆಯ ಮೇಲೆ ಬೋರಲಾಗಿ ಮಲಗಿ, ನಿಜವಾಗಿಯೂ ಬಸ್ಸಿನಲ್ಲಿ ಕೂತವನಂತೆ ಹೊರಟುಹೋದ. ಹೊರಗೆ ಎಂಟು ಹತ್ತು ಕಪ್ಪು ತಲೆಗಳು ತೇಲುತ್ತಿದ್ದವು. ಅವುಗಳಲ್ಲಿ ನಮ್ಮದು ಯಾವುದು ಎಂದು ತಿಳಿಯುವ ಬಗೆಯಿಲ್ಲ. ನಾವು ಎಣಿಸಲಿಕ್ಕೆ ಶುರುಮಾಡಿದೆವು. ಒಂಬತ್ತು ಎಂದು ಎಣಿಸಿದರೆ ಮರುಕ್ಷಣ ಎಂಟೇ ಕಾಣುವುದು, ಅಲೆ ಇಳಿದ ಮೇಲೆ ಮತ್ತೆ ಒಂಬತ್ತು. ಎಂಟು ಕಂಡ ಆ ಮೂರು ನಾಲ್ಕು ಸೆಕೆಂಡುಗಳಲ್ಲಿ ಅಕ್ಕ ಮನೆಯಲ್ಲಿ ಕೂತು ವರ್ಷವೆಲ್ಲ ಪಡುವ ಸಂಕಟ ಏನೆಂದು ನಮಗೆ ತಿಳಿಯಿತು.

ಒಂದು ಅಲೆ ಅವನನ್ನು ಎತ್ತಿಕೊಂಡಿತು. ಎದ್ದು ನಿಂತ, ಎಡಕ್ಕೆ ವಾಲಿದ. ಅಲೆ ಹಿಂದಿನಿಂದ ಮುರಿಯುತ್ತ ಬಂದಂತೆ ಅದರ ಮುಂದೆ ಓರೆಯಾಗಿ ಜಾರಿಕೊಂಡು ಬಂದ. ಎಲ್ಲ ಸೇರಿ ಐದಾರು ಸೆಕೆಂಡು ಇದ್ದೀತು. ಅಷ್ಟಕ್ಕೆ ಇಷ್ಟೆಲ್ಲ ಸಿದ್ಧತೆಯೇ ಎಂದು ಕೇಳುವವರಿಗೆ ನಮ್ಮಲ್ಲಿ ಉತ್ತರವಿಲ್ಲ. ಆದರೆ ಅವನು ದಡಕ್ಕೆ ಬಂದಾಗ ಆ ಮುಖ ನೋಡಿದ ಮೇಲೆ ನಾವು ಕೇಳಲೂ ಇಲ್ಲ. ಗಂಟೆಯೊಳಗೆ ಗಾಳಿ ಪಶ್ಚಿಮದಿಂದ ಉತ್ತರಕ್ಕೆ ತಿರುಗತೊಡಗಿತು. ಅಲೆ ಇನ್ನೂ ಚೆನ್ನಾಗಿಯೇ ಇತ್ತು. ಆದರೂ ಅವನೂ ಇನ್ನಿಬ್ಬರೂ ಒಬ್ಬರಿಗೊಬ್ಬರು ಕೈಸನ್ನೆ ಮಾಡಿಕೊಂಡು ಹೊರಗೆ ಬಂದುಬಿಟ್ಟರು. ಯಾರೂ ಕರೆದಿರಲಿಲ್ಲ.

ಈಗ ಹಿಂದೆ ಹೇಳಿದ ಇನ್ನೊಂದು ಮುಖ. ಕಾರ್ಖಾನೆ ಹಳ್ಳಿಯ ದಕ್ಷಿಣಕ್ಕಿದೆ. ಆದ್ದರಿಂದ ಗೋಡೆಯ ಮರೆಯಲ್ಲಿ ಅಲೆಯನ್ನು ನಯ ಮಾಡುವ ನೈಋತ್ಯದ ಗಾಳಿಯೇ ಹೊಗೆಯನ್ನು ಹಳ್ಳಿಯ ಕಡೆಗೆ ಒಯ್ಯುತ್ತದೆ. 2018ರಲ್ಲಿ, ಕುಲುಮೆಯ ಕಿಟ್ಟವನ್ನು ಸುರಿಯುವ ಜಾಗದಿಂದ ಹಾರಿದ ಗ್ರಾಫೈಟಿನ ಕಪ್ಪು ಪುಡಿ ಮನೆಗಳ ಮೇಲೆ ಬಿದ್ದು ದೊಡ್ಡ ಗುಲ್ಲಾಯಿತು. ಆಮೇಲೆ ಆ ಜಾಗಕ್ಕೆ ಮಾಡು ಕಟ್ಟಿದರು. 2021ರಲ್ಲಿ ಆ ದೇಶದ ಸಾರ್ವಜನಿಕ ಆರೋಗ್ಯ ಸಂಸ್ಥೆ ಇಲ್ಲಿಯ ಧೂಳನ್ನು ಪರೀಕ್ಷಿಸಿ, ಅದರಲ್ಲಿ ಸೀಸ ಮೊದಲಾದ ಲೋಹಗಳು ಬೇರೆಡೆಗಿಂತ ಹೆಚ್ಚಾಗಿವೆ, ಹೊರಗೆ ಆಡುವ ಮಕ್ಕಳ ಆರೋಗ್ಯಕ್ಕೆ ಇದು ಒಳ್ಳೆಯದಲ್ಲ ಎಂದು ವರದಿ ಕೊಟ್ಟಿತು. ನಮ್ಮ ದೇಶದ ಹೆಸರನ್ನು ಫಲಕದಲ್ಲಿ ಓದಿ ಹಿಗ್ಗಿದವರು ಇದನ್ನೂ ಓದಿಕೊಳ್ಳಬೇಕಾಗುತ್ತದೆ. ಕಲ್ಲಿದ್ದಲು ಬಿಟ್ಟು ಬೇರೆ ವಿಧಾನದಲ್ಲಿ ಉಕ್ಕು ಮಾಡುವ ಯೋಜನೆಯ ಮಾತು ಸರಕಾರಕ್ಕೂ ಕಂಪೆನಿಗೂ ನಡುವೆ ನಡೆದಿದೆ. ಸಾವಿರಾರು ಸಂಸಾರಗಳಿಗೆ ಅನ್ನ ಕೊಡುವ ಕುಲುಮೆ ಅದು; ಆರಿಸಿ ಎಂದು ಹೇಳುವುದು ನಮ್ಮಂಥ ಒಂದು ದಿನದ ನೆಂಟರಿಗೆ ಸುಲಭ, ಅಲ್ಲಿಯವರಿಗೆ ಸುಲಭವಲ್ಲ. ಕುದುರೆಮುಖದ ಗಣಿಯ ಸುತ್ತ ನಮ್ಮವರೂ ಇಂಥದೇ ತಕ್ಕಡಿ ಹಿಡಿದು ವರ್ಷಗಟ್ಟಲೆ ಜಗಳವಾಡಿದ್ದಾರೆ.

ಸಂಜೆ ಹಳ್ಳಿಗೆ ಮರಳಿ ಬಟಾಣಿಯ ಗಟ್ಟಿ ಸಾರು ಕುಡಿದೆವು (ಸಸ್ಯಾಹಾರಿಗಳು ಮಾಂಸ ಹಾಕಬೇಡಿ ಎಂದು ಮೊದಲೇ ಹೇಳಿಕೊಳ್ಳಬೇಕು). ಈ ಸಾರಿಗೆ ಚದುರಂಗದ ನಂಟೂ ಉಂಟು. 1938ರಲ್ಲಿ ಉಕ್ಕಿನ ಕಾರ್ಖಾನೆಯವರು ಬೇವರ್‌ವೈಕಿನಲ್ಲಿ ಆರಂಭಿಸಿದ ಚದುರಂಗ ಪಂದ್ಯ 1968ರಿಂದ ಈ ಹಳ್ಳಿಯಲ್ಲಿ ನಡೆಯುತ್ತಿದೆ. ಯುದ್ಧ ಮುಗಿದ ಬಡತನದ ದಿನಗಳಲ್ಲಿ ಬಡಿಸಿದ ಬಟಾಣಿ ಸಾರನ್ನು ನೆನೆದು ಕಡೆಯ ದಿನದ ಊಟಕ್ಕೆ ಅದನ್ನೇ ಬಡಿಸುವ ಸಂಪ್ರದಾಯ. ಚೆನ್ನೈಯ ವಿಶ್ವನಾಥನ್ ಆನಂದ್ ಇಲ್ಲಿ ಐದು ಬಾರಿ ಅಗ್ರಸ್ಥಾನ ಪಡೆದರು. ನಾವು ಹೋಗಿಬಂದ ಮೇಲೆ, 2025ರಲ್ಲಿ, ಆ ಊರಿನವನೇ ಆದ ಪ್ರಗ್ನಾನಂದ ತನ್ನ ಊರಿನ ಗುಕೇಶನನ್ನೇ ಟೈಬ್ರೇಕಿನಲ್ಲಿ ಸೋಲಿಸಿ ಗೆದ್ದ.

ಅಂದು ರಾತ್ರಿ ಅಕ್ಕನಿಗೆ ಹೇಳಿದೆವು: ನೀರು ಅಪಾಯದ್ದೇ, ನಿನ್ನ ಹೆದರಿಕೆ ಸುಳ್ಳಲ್ಲ, ಆದರೆ ಹುಡುಗ ಇಳಿಯುವ ಮುಂಚೆ ಕಾಲು ಗಂಟೆ ನೋಡುತ್ತಾನೆ, ಗಾಳಿ ತಿರುಗಿದರೆ ಹೊರಗೆ ಬರುತ್ತಾನೆ. ಬೇಡ ಎಂದು ನಾವು ಹೇಳಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಒಬ್ಬನೇ ಇಳಿಯುವುದಿಲ್ಲ ತಾನೆ ಎಂದು ಕೇಳಿದಳು. ಇಲ್ಲ ಎಂದು ಅವನಿಂದಲೇ ಹೇಳಿಸಿದೆವು.

ಹೋಗಬೇಕೆನ್ನುವವರು ಜನವರಿಯ ಕೊನೆಯಲ್ಲಿ ಹೋದರೆ ಚದುರಂಗವನ್ನೂ ನೋಡಬಹುದು. ಕಿವಿ ಮುಚ್ಚುವ ಟೋಪಿ ಅಗತ್ಯ. ಕೊಡೆ ಒಯ್ಯುವುದು ವ್ಯರ್ಥ. ನಮ್ಮದು ಬಸ್ಸಿಳಿದ ಐದು ನಿಮಿಷದಲ್ಲಿ ಮುರಿದುಹೋಯಿತು.