ಶ್!

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಆರಕ್ಕೂ ಮುಂಚೆ ಸಿಗುವ ಮೌನ ಊರಿನ ಬೇರಾವ ಮೂಲೆಯಲ್ಲೂ ಸಿಗುವುದಿಲ್ಲ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಕೆರೆ ಕಟ್ಟಿಸಿದ್ದು ಊರಾಚೆಯ ಹೊಲಗದ್ದೆಗಳಿಗೆ ನೀರುಣಿಸಲು. ಈಗ ಆ ಗದ್ದೆಗಳಿಲ್ಲ. ಸಕ್ಕರೆ ಕಾಯಿಲೆಯವರನ್ನು, ನಿವೃತ್ತರನ್ನು, ಮನೆಯ ಮಾತು ಕೇಳಿ ಸಾಕಾದವರನ್ನು ಕೆರೆ ಸಾಕುತ್ತಿದೆ. ಕುವೆಂಪು ನಡೆದಾಡಿದ ಜಾಗವೆಂಬ ಹೆಮ್ಮೆ ನಮಗೆಲ್ಲ ಇದೆ. ಕವಿತೆಯೇನೂ ಹುಟ್ಟುವುದಿಲ್ಲ, ಮೊಬೈಲಿನಲ್ಲಿ ಹೆಜ್ಜೆಯ ಲೆಕ್ಕ ಏರುತ್ತದೆ, ಅಷ್ಟೆ.

ಆ ಹೊತ್ತಿನ ಮೌನದಲ್ಲಿ ಸದ್ದುಗಳಿಗೇನೂ ಬರವಿಲ್ಲ. ರಾತ್ರಿಯೆಲ್ಲ ನೆಲ ತಣಿದು ಕೆಳಗೆ ತಂಪು ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ನಿಂತಿರುತ್ತದೆ. ಮೇಲೆ ಹೊರಟ ಸದ್ದು ಬಾಗಿ ಮತ್ತೆ ನೆಲದ ಕಡೆಗೇ ಬರುತ್ತದೆ. ಹಾಗಾಗಿ ಎಲ್ಲೋ ದೂರದ ರೈಲಿನ ಸಿಳ್ಳೆ ಪಕ್ಕದಲ್ಲೇ ಕೇಳಿಸುತ್ತದೆ. ಮಡಿವಾಳ ಹಕ್ಕಿ ಕೊಂಬೆಯ ತುದಿಯಲ್ಲಿ ಕೂತು ಬಾಲ ಎತ್ತೆತ್ತಿ ಹಾಡುತ್ತದೆ. ಹೆಜ್ಜಾರ್ಲೆಯೊಂದು ನೀರಿಗಿಳಿಯುವಾಗ ಪಾದಗಳನ್ನು ಮುಂದಕ್ಕೆ ಚಾಚಿ, ಒಂದಿಷ್ಟು ದೂರ ಜಾರಿ, ಆಮೇಲೆ ಏನೂ ಆಗಿಲ್ಲವೆಂಬಂತೆ ರೆಕ್ಕೆ ಮಡಚಿಕೊಳ್ಳುತ್ತದೆ.

ಈ ಮೌನಕ್ಕೊಬ್ಬ ಕಾವಲುಗಾರರಿದ್ದರು. ತಲೆಗೆ ಮಂಕಿಟೋಪಿ, ಕತ್ತಿಗೆ ಮಫ್ಲರು, ಕೈಯಲ್ಲಿ ಛತ್ರಿ. ಛತ್ರಿ ಮಳೆಗಲ್ಲ, ನಾಯಿಗಳಿಗೆ. ಹೆಸರೇನೆಂದು ಯಾರೂ ಕೇಳಿರಲಿಲ್ಲ; ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದೆವು. ಯಾರಾದರೂ ಸೈಟಿನ ರೇಟನ್ನೋ ಸೊಸೆಯ ವಿಚಾರವನ್ನೋ ಎತ್ತಿದರೆ ಸಾಕು, ಹಿಂದಿನಿಂದ "ಶ್!" ಅದೆಷ್ಟು ಜೋರೆಂದರೆ ದಡದ ನೀರುಕಾಗೆಗಳು ಎದ್ದು ಹಾರುತ್ತಿದ್ದವು. "ಸ್ವಾಮೀ, ಹಕ್ಕಿಗಳು ಮಾತಾಡ್ತಿವೆ. ಅವು ಮುಗಿಸಲಿ, ಆಮೇಲೆ ನೀವು ಶುರು ಮಾಡಿ" ಎಂದು ಹಿಡಿದರೆ, ಮೌನದ ಮಹಿಮೆಯ ಬಗ್ಗೆ ಅರ್ಧ ಸುತ್ತಿನುದ್ದಕ್ಕೂ ಪಾಠ. ಇಡೀ ಏರಿಯ ಮೇಲೆ ಅವರಷ್ಟು ಮಾತಾಡುವವರು ಇನ್ನೊಬ್ಬರಿರಲಿಲ್ಲ.

ಒಮ್ಮೆ ಕಲ್ಲುಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದಾಗ ನಾನು, "ಇಷ್ಟು ಕಷ್ಟಪಟ್ಟು ಇಲ್ಲಿಗೇ ಯಾಕೆ ಬರಬೇಕು ಸಾರ್, ಮನೆಯಲ್ಲಿ ನೆಮ್ಮದಿ ಇಲ್ಲವೇ?" ಎಂದು ತಮಾಷೆ ಮಾಡಿದೆ. ಅವರು ಛತ್ರಿಯ ಗುಂಡಿ ಹಾಕುತ್ತಾ, ತೆಗೆಯುತ್ತಾ, "ಮನೇಲೂ ಮೌನವೇ ಕಣ್ರೀ. ಆದರೆ ಅಲ್ಲಿ ಅದನ್ನ ಒಬ್ಬನೇ ಕೇಳಬೇಕು" ಎಂದರು.

ಈಚೆಗೆ ಮೇಷ್ಟ್ರು ಬರುತ್ತಿಲ್ಲ. ವಿಚಾರಿಸೋಣವೆಂದರೆ ಹೆಸರು ಗೊತ್ತಿಲ್ಲ, ಮನೆ ಯಾವ ಕಡೆಯೋ ತಿಳಿಯದು. ಮಗನ ಊರಿಗೆ ಹೋಗಿರಬೇಕು ಎಂದು ಒಬ್ಬರು ಹೇಳಿದರು, ಉಳಿದವರು ಅದನ್ನೇ ನಂಬಿಕೊಂಡೆವು. ಸೈಟಿನ ರೇಟು ಈಗ ನಿರಾತಂಕವಾಗಿ ಕೆರೆ ಸುತ್ತುತ್ತದೆ. ಆದರೂ ದನಿ ಸ್ವಲ್ಪ ಏರಿದೊಡನೆ ಮಾತಾಡುತ್ತಿದ್ದವರೇ ತಟ್ಟನೆ ನಿಂತು ಹಿಂದಕ್ಕೆ ತಿರುಗಿ ನೋಡುವುದುಂಟು.

ಹತ್ತು ಜನ ಬಾಯಿ ಕಟ್ಟಿದರೇ ಬೆಳಗಿನ ಮೌನ ಒಬ್ಬರಿಗೆ ದಕ್ಕುವುದು. ನಿಮ್ಮೂರಲ್ಲೂ ಒಂದು ಕೆರೆಯೋ ಮೈದಾನವೋ ಇದ್ದೀತು. ಫೋನು ಮನೆಯಲ್ಲಿಟ್ಟು ಹೊರಡಿ. ಜೊತೆಯಲ್ಲಿ ನಡೆಯುವವರ ಹೆಸರನ್ನು ಮಾತ್ರ ಮೊದಲ ದಿನವೇ ಕೇಳಿಟ್ಟುಕೊಳ್ಳಿ.